ಟಾಂಗಾ ತರಲೇ, ಬ್ಯಾಟರಿ ಬಗ್ಗಿ ತರಲೇ?

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಆರು ಎಕರೆ ತೋಟ, ಗದ್ದೆ. ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಜನ ಬರುವುದು ಶನಿವಾರ, ಭಾನುವಾರವೇ ಹೆಚ್ಚು. ಅವರನ್ನು ಹೊಳೆದಂಡೆಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿಬರಲು ಹಳೆಯ ಪೆಟ್ರೋಲ್ ಆಟೊ ಇಟ್ಟುಕೊಂಡಿದ್ದೇವೆ. ವಾರಕ್ಕೆ ಎಲ್ಲ ಸೇರಿ 40 ಕಿ.ಮೀ. ಓಡಬಹುದು. ಅದನ್ನು ಮಾರಿ ಎರಡು ಕುದುರೆ, ಒಂದು ಟಾಂಗಾ ತರಬೇಕೆಂದು ನನ್ನ ಆಸೆ. ಹೊಗೆಯಿಲ್ಲ, ಸದ್ದಿಲ್ಲ, ಲದ್ದಿ ತೋಟಕ್ಕೆ ಗೊಬ್ಬರ. ಮಗ ಬ್ಯಾಟರಿ ಬಗ್ಗಿಯೇ ಆಗಬೇಕು ಅನ್ನುತ್ತಾನೆ. ಕುದುರೆಯೂ ಹಸುವಿನ ಹಾಗೆ ಮೀಥೇನ್ ಬಿಡುತ್ತದಂತೆ. ಯಜಮಾನರು "ಲಂಡನ್ ಊರೇ ಒಂದು ಕಾಲಕ್ಕೆ ಲದ್ದಿಯಲ್ಲಿ ಮುಳುಗಿತ್ತಂತೆ, ಗೊತ್ತಾ?" ಎಂದು ನಗುತ್ತಾರೆ. ಬ್ಯಾಟರಿಗೂ ಗಣಿ ಅಗೆಯಬೇಕು, ಕರೆಂಟಿಗೂ ಕಲ್ಲಿದ್ದಲು ಸುಡಬೇಕು, ಅಲ್ಲವೇ ಡಾಕ್ಟರೇ? ಪರಿಸರಕ್ಕೆ ನಿಜವಾಗಿ ಯಾವುದು ಒಳ್ಳೆಯದು? ಇನ್ನೊಂದು ವಿಷಯ. ಪರಿಚಯದ ಟಾಂಗಾದವರೊಬ್ಬರು ಕಸುಬು ಬಿಡುತ್ತಿದ್ದಾರೆ. ಅವರ ಹೆಣ್ಣು ಕುದುರೆಗೆ ಈಗ ಹತ್ತು ವರ್ಷವಂತೆ, ಇನ್ನೂ ಹತ್ತು ವರ್ಷ ದುಡಿಯುತ್ತದೆ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಮನೆಯಲ್ಲಿ ಮೂರು ಜನ ಮೂರು ಮಾತು ಹೇಳುತ್ತಿದ್ದೀರಿ. ಮೂರರಲ್ಲೂ ಅರ್ಧರ್ಧ ನಿಜ ಇರುವುದರಿಂದಲೇ ವಾದ ಮುಗಿಯುತ್ತಿಲ್ಲ. ನಾನು ಯಾರ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ. ಪಶುವೈದ್ಯನಾಗಿ ಟಾಂಗಾ ಕುದುರೆಗಳ ಗೊರಸು, ಹೊಟ್ಟೆ, ಗಾಯ ನೋಡುತ್ತಲೇ ಕೆಲಸ ಮಾಡಿದವನು ನಾನು. ಕುದುರೆ ಕಂಡರೆ ಪ್ರೀತಿ. ನನ್ನ ಉತ್ತರ ನಿಮ್ಮ ಆಸೆಗೆ ಪೂರ್ತಿ ಒಪ್ಪದಿದ್ದರೆ ಅದಕ್ಕೆ ಆ ಪ್ರೀತಿಯೇ ಕಾರಣ ಎಂದುಕೊಳ್ಳಿ.

ಯಜಮಾನರ ಲಂಡನ್ ಕತೆಯನ್ನು ಮೊದಲು ನೋಡೋಣ. "ಇನ್ನು 50 ವರ್ಷಕ್ಕೆ ಲಂಡನ್ನಿನ ಬೀದಿಗಳೆಲ್ಲ 9 ಅಡಿ ಲದ್ದಿಯ ಕೆಳಗೆ ಹೂತುಹೋಗುತ್ತವೆ" ಎಂದು 1894ರಲ್ಲಿ ಅಲ್ಲಿನ ‘ಟೈಮ್ಸ್’ ಪತ್ರಿಕೆ ಬರೆದಿತ್ತು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿದವರಿಗೆ ಅಂಥ ಬರಹ ಸಿಕ್ಕಿಲ್ಲ. ಯಾರೋ ಕಟ್ಟಿದ ಮಾತು. ಆದರೆ ಆ ಕಾಲದ ಊರುಗಳ ಕಷ್ಟ ಕಟ್ಟುಕತೆಯಲ್ಲ. 19ನೇ ಶತಮಾನದ ಕೊನೆಗೆ ನ್ಯೂಯಾರ್ಕ್ ನಗರದಲ್ಲಿ 1 ಲಕ್ಷಕ್ಕೂ ಮೀರಿ ಕುದುರೆಗಳಿದ್ದವು. 1880ರ ಒಂದೇ ವರ್ಷದಲ್ಲಿ ಅಲ್ಲಿನ ಬೀದಿಗಳಿಂದ ಎತ್ತಿ ಸಾಗಿಸಿದ ಸತ್ತ ಕುದುರೆಗಳು 15,000. ಮೊದಮೊದಲು ಸುತ್ತಲಿನ ರೈತರು ದುಡ್ಡು ಕೊಟ್ಟು ಲದ್ದಿ ಒಯ್ಯುತ್ತಿದ್ದರು. ಕುದುರೆಗಳು ಹೆಚ್ಚುತ್ತಾ ಹೋದಂತೆ ಲಾಯದವರೇ ಕೈಯಿಂದ ದುಡ್ಡು ಕೊಟ್ಟು ಸಾಗಿಸಬೇಕಾಯಿತು. ಹೊಲವಿಲ್ಲದ ಊರಿನಲ್ಲಿ ಹೊಲಕ್ಕೆ ಬೇಕಾದದ್ದು ರಾಶಿ ಬಿದ್ದಿತ್ತು. ಲದ್ದಿಯ ತಪ್ಪು ಇಷ್ಟೇ. ನಿಮ್ಮ ಆರು ಎಕರೆಗೆ ಆ ಕತೆ ಹೊಂದುವುದಿಲ್ಲ ಎಂದು ಯಜಮಾನರಿಗೆ ಧಾರಾಳವಾಗಿ ಹೇಳಿ.

ಮಗ ಖುಷಿಪಡುವ ಮಾತೂ ಅದೇ ಇತಿಹಾಸದಲ್ಲಿದೆ. ರೈಲು ಬಂದಾಗ ಕುದುರೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ರೈಲಿನಲ್ಲಿ ಬಂದ ಸರಕನ್ನು ಸ್ಟೇಷನ್ನಿನಿಂದ ಅಂಗಡಿಗೆ ಮುಟ್ಟಿಸಲು ಗಾಡಿ ಬೇಕಿತ್ತು. ಕುದುರೆಯನ್ನು ದೊಡ್ಡ ಪ್ರಮಾಣದಲ್ಲಿ ಬೀದಿಯಿಂದ ಮೊದಲು ಇಳಿಸಿದ್ದು ಪೆಟ್ರೋಲ್ ಕಾರೂ ಅಲ್ಲ, ವಿದ್ಯುತ್ ಟ್ರಾಮು. ಅಮೆರಿಕದ ರಿಚ್ಮಂಡ್ ಊರಿನಲ್ಲಿ 1888ರಲ್ಲಿ ಅದು ಗಟ್ಟಿಯಾಗಿ ನೆಲೆನಿಂತಿತು, 1895ಕ್ಕೆ ನಮ್ಮ ಮದರಾಸಿಗೂ ಬಂತು. ಕುದುರೆಗೂ ಕರೆಂಟಿಗೂ ಇರುವ ಈ ಪೈಪೋಟಿ ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ.

ಇನ್ನು ಮೀಥೇನ್. ಮಗ ಹೇಳಿದ್ದು ಸರಿ, ಆದರೆ "ಹಸುವಿನ ಹಾಗೆ" ಅನ್ನುವುದು ತಪ್ಪು. ಹಸುವಿನ ಮೇವು ಹೊಟ್ಟೆಯ ಮೊದಲ ಚೀಲದಲ್ಲೇ ಹುದುಗುತ್ತದೆ, ಗಾಳಿ ತೇಗಿನಲ್ಲಿ ಹೊರಗೆ ಬರುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಹುಲ್ಲು ಹುದುಗುವುದು ಕೊನೆಯ ದೊಡ್ಡ ಕರುಳಿನಲ್ಲಿ, ಅಲ್ಲಿ ಮೀಥೇನ್ ಹುಟ್ಟುವುದು ಕಡಿಮೆ. ಹವಾಮಾನದ ಲೆಕ್ಕ ಹಾಕುವ ವಿಶ್ವಸಂಸ್ಥೆಯ ಐಪಿಸಿಸಿ, ಒಳ್ಳೆಯ ಮೈಕಟ್ಟಿನ 550 ಕೆಜಿ ಕುದುರೆಗೆ ವರ್ಷಕ್ಕೆ 18 ಕೆಜಿ ಮೀಥೇನ್ ಎಂದು ಹಿಡಿಯುತ್ತದೆ. ಹಾಲು ಕೊಡುವ ನಮ್ಮ ಹಸುವಿಗೆ ಹಿಡಿಯುವುದು ಅದರ ಮೂರರಷ್ಟು, ಇನ್ನೂ ಹೆಚ್ಚು. ನಮ್ಮ ಟಾಂಗಾ ಕುದುರೆಗಳು ಚಿಕ್ಕವು, 300 ಕೆಜಿಯ ಆಸುಪಾಸು. ಅವಕ್ಕೆ 11–12 ಕೆಜಿ ಎಂದಿಟ್ಟುಕೊಳ್ಳಬಹುದು. ಕುದುರೆಯ ಉಸಿರಿನಲ್ಲಿ ಬರುವ ಇಂಗಾಲದ ಡೈ ಆಕ್ಸೈಡನ್ನು ಕೆಲವರು ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಬೇಡ. ಹುಲ್ಲು ಕಳೆದ ತಿಂಗಳು ಗಾಳಿಯಿಂದ ಹೀರಿದ್ದೇ ಈ ತಿಂಗಳು ಗಾಳಿಗೆ ವಾಪಸಾಗುತ್ತದೆ. ಪೆಟ್ರೋಲಿನದು ಹಾಗಲ್ಲ; ನೆಲದಡಿ ಕೋಟಿಗಟ್ಟಲೆ ವರ್ಷ ಹೂತಿದ್ದದ್ದು ಹೊಸದಾಗಿ ಗಾಳಿಗೆ ಸೇರುತ್ತದೆ.

ಮೀಥೇನಿನ ಶಾಖ ಹಿಡಿಯುವ ಶಕ್ತಿ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 28 ಪಟ್ಟು. ಹಾಗೆ ಗುಣಿಸಿದರೆ ನಿಮ್ಮ ಒಂದು ಕುದುರೆಯ ಪಾಲು ವರ್ಷಕ್ಕೆ 320 ಕೆಜಿ ಇಂಗಾಲದ ಡೈ ಆಕ್ಸೈಡಿಗೆ ಸಮ, ದಿನಕ್ಕೆ 900 ಗ್ರಾಮಿನ ಹತ್ತಿರ. ಮುಂದೆ ಹೇಳುವ ಹೊಗೆಯ ಕೆಜಿ, ಗ್ರಾಂ ಎಲ್ಲ ಇದೇ ಲೆಕ್ಕದವು. ಲದ್ದಿ ಗುಂಡಿಯಿಂದ ಬರುವುದು, ಹುರುಳಿ ಬೆಳೆದು ಟೆಂಪೊದಲ್ಲಿ ತರುವುದು ಎಲ್ಲ ಸೇರಿಸಿ ದಿನಕ್ಕೆ 1 ಕೆಜಿ ಎಂದು ನಾನು ಹಿಡಿಯುತ್ತೇನೆ. ಇದು ಅಂದಾಜು. ಅರ್ಧ ಕೆಜಿ ಆಚೀಚೆ ಆದರೂ ಮುಂದೆ ಹೇಳುವ ಮಾತು ಬದಲಾಗುವುದಿಲ್ಲ.

ಮುಂದೆ ಹೇಳುವ ಮಾತು ಏನೆಂದರೆ, ಕುದುರೆಯ ಲೆಕ್ಕ ದಿನಕ್ಕೆ, ಯಂತ್ರದ ಲೆಕ್ಕ ಕಿಲೋಮೀಟರಿಗೆ. ಕುದುರೆ ಅಂದರೆ ರಾತ್ರಿಯೂ ಆಫ್ ಮಾಡಲಾಗದ ಎಂಜಿನ್. ಸೋಮವಾರದಿಂದ ಶುಕ್ರವಾರದವರೆಗೆ ಸುಮ್ಮನೆ ನಿಂತಿದ್ದರೂ ತಿನ್ನುತ್ತದೆ, ಲದ್ದಿ ಹಾಕುತ್ತದೆ, ಗಾಳಿ ಬಿಡುತ್ತದೆ. ಆಟೊ ಶೆಡ್ಡಿನಲ್ಲಿ ನಿಂತರೆ ಸೊನ್ನೆ. ದಿನಕ್ಕೆ 20 ಕಿ.ಮೀ. ದುಡಿಯುವ ಕುದುರೆಯ ಪಾಲು ಕಿಲೋಮೀಟರಿಗೆ 50 ಗ್ರಾಂ. ಪೆಟ್ರೋಲ್ ಆಟೊ ಲೀಟರಿಗೆ 25 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 90 ಗ್ರಾಮಿನ ಮೇಲೆ. ಅಲ್ಲಿ ಕುದುರೆಯೇ ಗೆದ್ದಿತು. ಅದೇ ಕುದುರೆ ದಿನಕ್ಕೆ 4 ಕಿ.ಮೀ. ಮಾತ್ರ ಹೋದರೆ ಕಿಲೋಮೀಟರಿಗೆ 250 ಗ್ರಾಂ.

ನಿಮ್ಮ ಅಂಕಿ ಹಾಕಿ ನೋಡಿ. ಎರಡು ಕುದುರೆ, ಏಳು ದಿನ, ವಾರಕ್ಕೆ 14 ಕೆಜಿ. ಈಗಿನ ಹಳೆಯ ಆಟೊ 40 ಕಿ.ಮೀ.ಗೆ ಕುಡಿಯುವುದು ಹೆಚ್ಚೆಂದರೆ ಎರಡು ಲೀಟರ್. ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ, ಅಂದರೆ ವಾರಕ್ಕೆ 4.6 ಕೆಜಿ. ಬ್ಯಾಟರಿ ಬಗ್ಗಿ ಒಂದು ಯೂನಿಟ್ ಕರೆಂಟಿಗೆ 8–10 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆಜಿಯಂತೆ ವಾರಕ್ಕೆ 3–3.5 ಕೆಜಿ. ಬ್ಯಾಟರಿ ತಯಾರಿಸುವಾಗ ಆದದ್ದನ್ನು ಅದರ ಆಯುಸ್ಸಿಗೆ ಹಂಚಿ ಸೇರಿಸಿದರೆ ಐದು ಕೆಜಿ, ಐದೂವರೆ.

ಹೌದು, ಸರಿಯಾಗಿಯೇ ಓದಿದಿರಿ. ನಿಮ್ಮ ಮೂರು ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗಿಸುವುದು ಎರಡು ಕುದುರೆ. ಬೈಸಿಕೊಳ್ಳುವ ಹಳೆಯ ಆಟೊ ಬ್ಯಾಟರಿ ಬಗ್ಗಿಯ ಸಮಸಮಕ್ಕೆ ನಿಲ್ಲುತ್ತದೆ. ಗಾಡಿ ಇಷ್ಟು ಕಡಿಮೆ ಓಡುವಾಗ ಯಾವುದನ್ನು ಕೊಂಡರೂ ದೊಡ್ಡ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಬೆಂಗಳೂರಿನಿಂದ ಒಂದು ಕುಟುಂಬ ಕಾರಿನಲ್ಲಿ ನಿಮ್ಮಲ್ಲಿಗೆ ಬಂದು ಹೋದರೆ 250 ಕಿ.ಮೀ., ಹದಿನಾರು ಹದಿನೇಳು ಲೀಟರ್ ಪೆಟ್ರೋಲ್, 38 ಕೆಜಿ. ನಿಮ್ಮ ಎರಡೂ ಕುದುರೆ ಎರಡೂವರೆ ವಾರ ತಿಂದು ಬಿಡುವುದು ಅಷ್ಟು. ಶ್ರೀರಂಗಪಟ್ಟಣಕ್ಕೆ ರೈಲು ನಿಲ್ದಾಣ ಇದೆಯಲ್ಲ. "ರೈಲಿನಲ್ಲಿ ಬನ್ನಿ, ಸ್ಟೇಷನ್ನಿಗೆ ಗಾಡಿ ಕಳಿಸುತ್ತೇವೆ" ಎಂದು ಹೋಂಸ್ಟೇ ಬೋರ್ಡಿನಲ್ಲಿ ಬರೆಸಿದರೆ ಆಗುವ ಉಪಕಾರ ಗಾಡಿ ಬದಲಾಯಿಸಿದರೆ ಆಗುವುದಿಲ್ಲ. ಆ ಗಾಡಿ ಯಾವುದೇ ಇರಲಿ.

"ಹಾಗಾದರೆ ಕುದುರೆಯನ್ನು ಹೆಚ್ಚು ಓಡಿಸಿದರೆ ಆಯಿತಲ್ಲ" ಎಂದು ನಿಮಗೆ ಅನಿಸಬಹುದು. ನನ್ನ ಕಸುಬಿನ ಸಂಕಟ ಇರುವುದು ಅಲ್ಲೇ. ಲೆಕ್ಕದಲ್ಲಿ ಕುದುರೆಯನ್ನು ಹಸಿರಾಗಿ ತೋರಿಸುವುದೂ, ಹಣದ ಲೆಕ್ಕದಲ್ಲಿ ಮಾಲೀಕನನ್ನು ಉಳಿಸುವುದೂ ಒಂದೇ: ಹೆಚ್ಚು ದುಡಿಮೆ. ಕುದುರೆಯನ್ನು ನನ್ನ ಬಳಿಗೆ ತರುವುದೂ ಅದೇ. ಟಾಂಗಾ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ನಿಂತ ಕುದುರೆಯ ಕುತ್ತಿಗೆಯ ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟರೆ ಆರೋಗ್ಯದ ಕುದುರೆಯದು ತಟ್ಟನೆ ಮೈಗೆ ಕೂರುತ್ತದೆ. ನೀರಿಲ್ಲದೆ ಬಿಸಿಲಲ್ಲಿ ದುಡಿದದ್ದರದು ಮಡಿಕೆಯಾಗಿ ಹಾಗೆಯೇ ನಿಲ್ಲುತ್ತದೆ. ಎದೆಪಟ್ಟಿ ಎತ್ತಿ ನೋಡಿದರೆ ಅದರ ಅಂಚು ಉಜ್ಜಿದ ಕಡೆ ಕೂದಲು ಹೋಗಿ, ಚರ್ಮ ಗುಲಾಬಿಯಾಗಿ, ನೊಣ ಕೂತಿರುತ್ತದೆ. ಇವು ಕೆಟ್ಟ ಮನಸ್ಸಿನವರ ಕುದುರೆಗಳಲ್ಲ. ಮಗುವಿಗಿಂತ ಹೆಚ್ಚಾಗಿ ಕುದುರೆ ನೋಡಿಕೊಳ್ಳುವವರನ್ನು ಗಾಡಿಯವರಲ್ಲಿ ಕಂಡಿದ್ದೇನೆ. ಸವಾರಿ ಸಿಗದ ದಿನವೂ ಹುರುಳಿ ತರಬೇಕು, ಸಿಕ್ಕ ದಿನ ಎರಡು ದಿನದ್ದು ದುಡಿಸಬೇಕು. ಅವರ ಲೆಕ್ಕವೂ ದಿನದ್ದೇ.

ಕಾನೂನಿನಲ್ಲಿ ಇದಕ್ಕೆ ಮಿತಿಯಿದೆ. ಗಾಡಿ ಎಳೆಯುವ ಪ್ರಾಣಿಗಳಿಗೆಂದೇ ಇರುವ 1965ರ ಹಿಂಸೆ ತಡೆ ನಿಯಮಗಳ ಪ್ರಕಾರ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿ ಕೊಡದೆ ಸತತ 5 ಗಂಟೆ ಮೀರುವಂತಿಲ್ಲ, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ. ಗಾಡಿಯವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ಮುಳ್ಳಿನ ಕಡಿವಾಣ ನಿಷಿದ್ಧ. ನಿಮ್ಮ ಅತಿಥಿಗಳು ಆರು ಜನ ಒಟ್ಟಿಗೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. "ಆಗುವುದಿಲ್ಲ" ಅನ್ನುವ ಗಟ್ಟಿತನ ಇದ್ದರೆ ಮಾತ್ರ ಟಾಂಗಾ ತನ್ನಿ.

ಮೇವಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಹೊಸಬರು ಹೆಚ್ಚು ಎಡವುವುದು ಇಲ್ಲಿ, ಪರಿಸರದ ಲೆಕ್ಕವೂ ಇಲ್ಲೇ ಅಡಗಿದೆ. 300 ಕೆಜಿಯ ಕುದುರೆಗೆ ದಿನಕ್ಕೆ ಆರು ಕೆಜಿ ಒಣಮೇವು ಬೇಕು. ಹಸಿಯಾದರೆ ಅದರ ನಾಲ್ಕೈದು ಪಟ್ಟು. ಅಷ್ಟು ಬೆಳೆಯಲು ಭೂಮಿ ಬೇಕು, ನೀರು ಬೇಕು. ಅಮೆರಿಕದಲ್ಲಿ 1915ರ ಹೊತ್ತಿಗೆ ಕುದುರೆ, ಹೇಸರಗತ್ತೆ ಸೇರಿ 2.6 ಕೋಟಿ ಇದ್ದವು. ಅವುಗಳ ಹೊಟ್ಟೆಗೆಂದೇ ದೇಶದ ಸಾಗುವಳಿಯ ಸುಮಾರು ಕಾಲುಭಾಗ ಹೋಗುತ್ತಿತ್ತು. ಕುದುರೆಗೆ ಇಂಧನ ಪುಕ್ಕಟೆ ಎನ್ನುವವರು ಈ ಭೂಮಿಯನ್ನು ಮರೆಯುತ್ತಾರೆ.

ನಿಮ್ಮಲ್ಲಿ ಹಸು ಇದ್ದೇ ಇರುತ್ತದೆ, ನೇಪಿಯರ್ ಹುಲ್ಲೂ ಇರುತ್ತದೆ. ಹಸುವಿಗೆ ಹಾಕುವುದನ್ನೇ ಕುದುರೆಗೂ ಹಾಕೋಣ ಅನ್ನಿಸುತ್ತದೆ. ಬೇಡ. ನೇಪಿಯರಿನಲ್ಲಿ ಆಕ್ಸಲೇಟ್ ಹೆಚ್ಚು, ಅದು ಕುದುರೆಗೆ ಸುಣ್ಣದ ಅಂಶ ದಕ್ಕದಂತೆ ತಡೆಯುತ್ತದೆ. ಅದರ ಮೇಲೆ ರಂಜಕ ತುಂಬಿದ ಬೂಸವನ್ನೂ ಪ್ರೀತಿಯಿಂದ ಸುರಿದರೆ ತಿಂಗಳುಗಳಲ್ಲಿ ದವಡೆ, ಮುಖದ ಮೂಳೆ ಊದಿ ಮೆತ್ತಗಾಗುತ್ತವೆ, ಕಾರಣ ಕಾಣದೆ ಕುಂಟುತ್ತದೆ. ಇದಕ್ಕಿಂತ ಅಪಾಯ ಚೀಲದ ಹಿಂಡಿಯಲ್ಲಿದೆ. ದನದ, ಕೋಳಿಯ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ದನಕ್ಕೆ ಅದು ಒಳ್ಳೆಯದು. ಕುದುರೆಗೆ ಸ್ವಲ್ಪವೇ ಸಾಕು, ಹೃದಯದ ಸ್ನಾಯು ಸತ್ತು ಬಿದ್ದುಬಿಡುತ್ತದೆ. ಕೊಟ್ಟಿಗೆಯೂ ಲಾಯವೂ ಒಂದೇ ಸೂರಿನಡಿ ಇದ್ದರೆ ಹಿಂಡಿಯ ಡ್ರಮ್ಮಿಗೆ ಬೀಗ ಹಾಕಿಸಿ. ಗರಿಕೆ, ಒಣಗಿಸಿದ ಒಳ್ಳೆಯ ಹುಲ್ಲು, ಬೇಯಿಸಿದ ಹುರುಳಿ ಮಿತವಾಗಿ, ಉಪ್ಪು, ಬೇಕಾದಷ್ಟು ನೀರು. ಹಳೆಯ ಗಾಡಿಯವರ ಪದ್ಧತಿಯೇ ಸರಿ. ಕುದುರೆ ವಾಂತಿ ಮಾಡಲಾರದು, ಅದನ್ನು ನೆನಪಿಡಿ. ಒಳಗೆ ಹೋದದ್ದು ಒಳಗೇ. ಅದಕ್ಕೇ ಹೊಟ್ಟೆಶೂಲೆ ಕುದುರೆಯನ್ನು ರಾತ್ರಿ ಬೆಳಗಾಗುವುದರೊಳಗೆ ಕೊಲ್ಲಬಲ್ಲದು.

ಲದ್ದಿ ನಿಮ್ಮ ಕಡೆಯ ಬಲವಾದ ವಾದ, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದು ಕುದುರೆಯಿಂದ ಲದ್ದಿ, ಗಂಜಲ ಸೇರಿ ದಿನಕ್ಕೆ ಹದಿನೈದು ಕೆಜಿ. ಎರಡರಿಂದ ವರ್ಷಕ್ಕೆ ಹತ್ತು ಟನ್ನಿನ ಮೇಲೆ. ಅದರಲ್ಲಿ ಎರಡೂವರೆ ಮೂಟೆ ಯೂರಿಯಾದಲ್ಲಿರುವಷ್ಟು ಸಾರಜನಕ ಇರುತ್ತದೆ. ಒಂದಷ್ಟು ಗಾಳಿಗೆ, ಮಳೆಗೆ ಹೋದರೂ ಮಣ್ಣಿಗೆ ಸೇರುವ ಸತ್ವ ಯೂರಿಯಾ ಮೂಟೆಯಲ್ಲಿ ಸಿಗುವಂಥದ್ದಲ್ಲ. ಆದರೆ ಗುಂಡಿ ಹೇಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಳೆಗಾಲದ ಬೆಳಿಗ್ಗೆ ಚೆನ್ನಾಗಿ ಕಟ್ಟಿದ ಲದ್ದಿ ರಾಶಿಗೆ ಕೋಲು ಹಾಕಿ ಬಗೆದರೆ ಹಬೆ ಏಳುತ್ತದೆ, ಒಳಗೆ 55–60 ಡಿಗ್ರಿ ಬಿಸಿ. ಆ ಬಿಸಿಗೆ ಕಳೆಬೀಜವೂ ನೊಣದ ಹುಳವೂ ಉಳಿಯುವುದಿಲ್ಲ. ಅದೇ ರಾಶಿಯ ಅಂಚಿನಲ್ಲಿ, ಗೇಣಗಲ ತಣ್ಣಗಿರುವ ಜಾಗದಲ್ಲಿ, ಬಿಳಿ ಹುಳಗಳು ಮಿಜಿಮಿಜಿ ಅನ್ನುತ್ತಿರುತ್ತವೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಅಂಚನ್ನು ಒಳಕ್ಕೆ ಮಗುಚಬೇಕು, ಮೇಲೆ ಸೂರು ಇರಬೇಕು, ಬಾವಿಯಿಂದಲೂ ಅತಿಥಿಗಳ ಊಟದ ಜಾಗದಿಂದಲೂ ದೂರ ಇರಬೇಕು. ಮಗುಚುವವರು ಯಾರು ಎಂದು ಈಗಲೇ ತೀರ್ಮಾನಿಸಿ. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ!

ಲದ್ದಿಯ ಜೊತೆ ಇನ್ನೆರಡು ಮಾತು. ಧನುರ್ವಾಯುವಿನ ಬೀಜ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತದೆ. ಮನೆಯವರು, ಆಳುಗಳು, ಕುದುರೆ, ಎಲ್ಲರಿಗೂ ಟಿ.ಟಿ. ಆಗಿರಬೇಕು. ಜಂತುಹುಳುವಿಗೆ ಐವರ್ಮೆಕ್ಟಿನ್ ಕೊಟ್ಟರೆ ಅದರ ಅಂಶ ಲದ್ದಿಯಲ್ಲಿ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಔಷಧ ಕೊಟ್ಟ ಮೊದಲ ವಾರದ ಲದ್ದಿಯನ್ನು ಬೇರೆ ಇಟ್ಟು ಚೆನ್ನಾಗಿ ಕೊಳೆಸಿ, ಎರೆಹುಳು ತೊಟ್ಟಿಗೆ ನೇರ ಹಾಕಬೇಡಿ. "ಸಾವಯವ" ಎಂದು ಬೋರ್ಡು ಹಾಕಿದ ತೋಟಗಳಲ್ಲೂ ಇದನ್ನು ಯಾರೂ ಕೇಳುವುದಿಲ್ಲ.

ಮಗನ ಬಗ್ಗಿಗೆ ಬರೋಣ. ಕರೆಂಟಿಗೆ ಕಲ್ಲಿದ್ದಲು ಸುಡುತ್ತಾರೆ ಅನ್ನುವ ನಿಮ್ಮ ಮಾತು ನಿಜ, ಮೇಲಿನ ಲೆಕ್ಕದಲ್ಲಿ ಅದು ಸೇರಿದೆ. ಆದರೆ ಅದನ್ನು ದಾಟುವ ದಾರಿ ಸುಲಭ. 1 ಕಿಲೋವಾಟಿನ ಸೋಲಾರ್ ಫಲಕ ನಮ್ಮ ಕಡೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ನಿಮ್ಮ ವಾರದ 40 ಕಿ.ಮೀ.ಗೆ ಒಂದೂವರೆ ದಿನದ ಬಿಸಿಲು ಸಾಕು. ನಾನು ಹೆದರುವುದು ಕಲ್ಲಿದ್ದಲಿಗಲ್ಲ, ಸೀಸಕ್ಕೆ. ಅಗ್ಗದ ಬಗ್ಗಿಗಳಲ್ಲಿ, ಇ-ರಿಕ್ಷಾಗಳಲ್ಲಿ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಬೇಗ ಸೊರಗುತ್ತದೆ, ಗುಜರಿಗೆ ಹೋಗುತ್ತದೆ. ಅಲ್ಲಿಂದ ಹಿತ್ತಲಲ್ಲಿ ಸೀಸ ಕರಗಿಸುವವರ ಕೈಗೆ ಸಿಕ್ಕರೆ ಆ ಬೀದಿಯ ಮಕ್ಕಳ ರಕ್ತಕ್ಕೆ ಸೇರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಬಗ್ಗಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಗಣಿಯ ಬಗ್ಗೆ ನೀವು ಕೇಳಿರುವ ಕೆಟ್ಟ ಸುದ್ದಿಗಳಲ್ಲಿ ಹೆಚ್ಚಿನವು ಆ ಎರಡರವು. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ವಾಪಸು ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಬಿಲ್ ಜೋಪಾನವಾಗಿಡಿ.

ಬಗ್ಗಿಯ ಗುಣ ಇನ್ನೊಂದಿದೆ: ಅದಕ್ಕೆ ಅಂಟುರೋಗ ಬರುವುದಿಲ್ಲ. 1872ರಲ್ಲಿ ಕುದುರೆ ಜ್ವರ ಉತ್ತರ ಅಮೆರಿಕವಿಡೀ ಹಬ್ಬಿ ಊರಿಗೆ ಊರೇ ನಿಂತುಹೋಗಿತ್ತು. ಆ ನವೆಂಬರಿನಲ್ಲಿ ಬೋಸ್ಟನ್ನಿಗೆ ಬೆಂಕಿ ಬಿದ್ದಾಗ ಕುದುರೆಗಳು ಮಲಗಿದ್ದರಿಂದ ಜನರೇ ಬೆಂಕಿ ಆರಿಸುವ ಗಾಡಿಗಳನ್ನು ಎಳೆದುಕೊಂಡು ಹೋದರು. ನಮ್ಮಲ್ಲಿ ಈಗ ಹೆದರಬೇಕಾದದ್ದು ಗ್ಲಾಂಡರ್ಸ್‌ಗೆ. ಮೂಗಿನಿಂದ ಅಂಟು ಸೋರುವುದು, ಮೈಮೇಲೆ ಗಂಟು ಒಡೆಯುವುದು ಇದರ ಲಕ್ಷಣ. ಮನುಷ್ಯರಿಗೂ ಹರಡುತ್ತದೆ, ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ. ಖಚಿತವಾದರೆ ಸರ್ಕಾರ ಆ ಕುದುರೆಯನ್ನು ಕೊಲ್ಲಿಸುತ್ತದೆ.

ಬೇರೆ ಊರಿನವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು 2015ರಲ್ಲಿ ಅಲ್ಲಿನ ಹೈಕೋರ್ಟ್ ಕಾನೂನುಬಾಹಿರ ಎಂದಿತು. 2021ರಲ್ಲಿ ಅದೇ ರೂಪದ ಬ್ಯಾಟರಿ ಗಾಡಿಗಳು ಬಂದವು. ಮೋಟಾರು ವಾಹನಕ್ಕೆ ಪ್ರವೇಶವಿಲ್ಲದ ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದಲ್ಲಿ ಕುದುರೆಗಳ ಪಕ್ಕದಲ್ಲೇ ಇ-ರಿಕ್ಷಾ ಓಡತೊಡಗಿ, ಕುದುರೆಯವರ, ಕೈರಿಕ್ಷಾ ಎಳೆಯುವವರ ಹೊಟ್ಟೆಪಾಡಿನ ತಕರಾರು ಕೋರ್ಟಿನ ಮೆಟ್ಟಿಲು ಹತ್ತಿತು. ಮೈಸೂರು ದಸರಾದಲ್ಲಿ ಪಂಚೆ, ಸೀರೆಯುಟ್ಟ ದಂಪತಿಗಳ ಪಾರಂಪರಿಕ ಟಾಂಗಾ ಸವಾರಿ ನಡೆಯುತ್ತದೆ, ಚೆಂದವಾಗಿಯೇ ಇರುತ್ತದೆ. ಆ ಕುದುರೆಗಳು ಮಿಕ್ಕ ದಿನ ಏನು ತಿನ್ನುತ್ತವೆ ಎಂಬುದು ನನ್ನಂಥವರ ಚಿಂತೆ.

ಹಾಗಾದರೆ ನಿಮಗೆ ಟಾಂಗಾ ಬೇಡವೇ? ನಾನಾಗಿದ್ದರೆ ಕುದುರೆ ಕೊಳ್ಳುತ್ತಿರಲಿಲ್ಲ, ಬಾಡಿಗೆಗೆ ಕರೆಸುತ್ತಿದ್ದೆ. ನಿಮ್ಮ ಕಡೆ ಈಗಾಗಲೇ ಗಾಡಿ ಹೊಡೆಯುತ್ತಿರುವವರು ಇದ್ದರೆ ಶನಿವಾರ, ಭಾನುವಾರದ ಬೆಳಿಗ್ಗೆ, ಸಂಜೆ ಅವರನ್ನೇ ಕರೆಸಿ. ಆ ಕುದುರೆ ಹೇಗೂ ಇದೆ, ಹೇಗೂ ತಿನ್ನುತ್ತದೆ. ನಿಮ್ಮ 40 ಕಿ.ಮೀ.ಯಿಂದ ಹೊಸದಾಗಿ ಗಾಳಿಗೆ ಸೇರುವುದು ಏನೂ ಇಲ್ಲದಷ್ಟು. ಗಾಡಿಯವರಿಗೆ ಗಟ್ಟಿ ಆದಾಯ, ನಿಮಗೆ ಟಾಂಗಾ, ಬೇಕಿದ್ದರೆ ಲದ್ದಿಯೂ. ಇದರಲ್ಲೂ ಅಪಾಯ ಇಲ್ಲದಿಲ್ಲ. ವಾರವಿಡೀ ಪೇಟೆಯಲ್ಲಿ ದುಡಿದ ಕುದುರೆಗೆ ಭಾನುವಾರವೂ ಬಿಡುವಿಲ್ಲದಂತಾಗಬಾರದು. ವಾರದಲ್ಲಿ ಒಂದು ದಿನ ಕುದುರೆ ಪೂರ್ತಿ ಬಿಚ್ಚಿರಬೇಕು ಎಂದು ಮೊದಲೇ ಮಾತಾಡಿ, ಆ ದಿನದ ಮೇವಿನ ದುಡ್ಡನ್ನು ನೀವು ಕೊಡಿ. ದಾರಿಯನ್ನೂ ನೋಡಿಕೊಳ್ಳಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಎಂಜಿನ್ನಿಲ್ಲದ ಗಾಡಿಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ನುಣುಪು ಡಾಂಬರಿನಲ್ಲಿ ಕಬ್ಬಿಣದ ಲಾಳ ಜಾರುತ್ತದೆ. ನಾಲೆ ಏರಿಯ ಮಣ್ಣುದಾರಿ ಇದ್ದರೆ ಅದೇ ಒಳ್ಳೆಯದು.

ಮಿಕ್ಕ ಓಡಾಟಕ್ಕೆ ಹಳೆಯ ಆಟೊ ತೀರ ಹೊಗೆ ಉಗುಳುವವರೆಗೆ ಇರಲಿ, ಆಮೇಲೆ ಮಗನ ಬಗ್ಗಿ ಬರಲಿ. ವಯಸ್ಸಿನ ಹುಡುಗರಿಗೆ ನಾಲ್ಕು ಸೈಕಲ್ ಇಡಿ. ಹೊಳೆಗೆ ನಡೆದೇ ಹೋಗಬಹುದಾದ ದೂರವಾದರೆ ಅದನ್ನೂ ಹೇಳಿ. ಬೆಂಗಳೂರಿನವರು ನಡೆಯಲು ದುಡ್ಡು ಕೊಟ್ಟು ಜಿಮ್ಮಿಗೆ ಹೋಗುತ್ತಾರೆ.

ಸ್ವಂತ ಕುದುರೆಯೇ ಬೇಕೆಂದರೆ, ಪರಿಸರದ ಹೆಸರು ಬಿಟ್ಟು "ನನಗೆ ಕುದುರೆ ಇಷ್ಟ" ಎಂದೇ ತನ್ನಿ. ಅದು ಮರ್ಯಾದೆಯ ಕಾರಣ, ನಾಚಿಕೆ ಬೇಡ. ಎರಡನ್ನೇ ತನ್ನಿ, ಒಂಟಿ ಕುದುರೆ ಕೊರಗುತ್ತದೆ. ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಯುವವರು ನಿಮ್ಮ ಕಡೆ ಸಿಗುತ್ತಾರೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಮುಂಗಡ ಕೊಡಿ. ಕುದುರೆ 25 ವರ್ಷ ಬದುಕುತ್ತದೆ, ಅಷ್ಟೂ ವರ್ಷ ಗಾಡಿ ಎಳೆಯುವುದಿಲ್ಲ. ದುಡಿಮೆ ನಿಂತ ಮೇಲಿನ ವರ್ಷಗಳ ಹುಲ್ಲೂ ನಿಮ್ಮದೇ. ಸತ್ತಾಗ ಹೂಳಲು ನೀರಿನ ಒರತೆಯಿಂದ ದೂರದ ಜಾಗ ಬೇಕು. ನೋವಿಗೆ ಡೈಕ್ಲೋಫೆನಾಕ್ ಕೊಡಿಸಬೇಡಿ. ಅದನ್ನು ಪಶುಗಳಿಗೆ ಬಳಸುವುದು 2006ರಿಂದಲೇ ನಿಷೇಧ. ಅದು ಮೈಯಲ್ಲಿರುವ ಹೆಣ ತಿಂದ ರಣಹದ್ದುಗಳು ಸಾಯುತ್ತವೆ. ರಾಮನಗರದ ಬೆಟ್ಟದಲ್ಲಿ ಅವುಗಳಿಗೆಂದೇ ಧಾಮ ಮಾಡಿ ಕಾಯುತ್ತಿದ್ದೇವೆ.

ಕೊನೆಗೆ ಆ ಹೆಣ್ಣು ಕುದುರೆ. ಹತ್ತು ವರ್ಷ ಎಂದಿದ್ದಾರೆ. ಬಾಯಿ ನೋಡದೆ ನಂಬಬೇಡಿ. ಮೇಲ್ದವಡೆಯಲ್ಲಿ ಮುಂದಿನ ಆರು ಹಲ್ಲುಗಳ ಸಾಲಿನ ತುದಿಯ ಹಲ್ಲನ್ನು ತುಟಿ ಎತ್ತಿ ಪಕ್ಕದಿಂದ ನೋಡಿ. ಉದ್ದಕ್ಕೆ ಒಂದು ಕಂದು ಗೀರು ಇರುತ್ತದೆ. ಹತ್ತು ವರ್ಷಕ್ಕೆ ಅದು ಒಸಡಿನ ಬಳಿ ಆಗತಾನೆ ಇಣುಕುತ್ತಿರುತ್ತದೆ, ಹದಿನೈದಕ್ಕೆ ಅರ್ಧ ಹಲ್ಲಿಗೆ ಇಳಿದಿರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟಿರುತ್ತದೆ. ಆಮೇಲೆ ಗಾಡಿ ಕಟ್ಟದೆ ಗಟ್ಟಿ ನೆಲದ ಮೇಲೆ ಸಡಿಲ ಹಗ್ಗದಲ್ಲಿ ಕುಕ್ಕುಲೋಟ ಓಡಿಸಲು ಹೇಳಿ, ನೀವು ಎದುರಿಗೆ ನಿಲ್ಲಿ. ನೋವಿರುವ ಮುಂಗಾಲು ನೆಲಕ್ಕೆ ತಾಗುವಾಗಲೆಲ್ಲ ತಲೆ ಮೇಲೆ ಎಗರುತ್ತದೆ. ಸದ್ದನ್ನೂ ಕೇಳಿ, ಒಂದು ಹೆಜ್ಜೆ ಮೆತ್ತಗೆ ಕೇಳಿಸಿದರೆ ಆ ಗೊರಸನ್ನು ಕೈಯಲ್ಲಿ ಹಿಡಿದು ನೋಡಿ, ಮಿಕ್ಕವಕ್ಕಿಂತ ಬಿಸಿಯಿರಬಹುದು. ಇವೆರಡೂ ಸರಿಯಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯವರಿಂದ ಗ್ಲಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆಸಿ. ಸಂಶಯ ಬಂದರೆ ಮಾದರಿ ಹಿಸಾರಿನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದವರೆಗೆ ಹೋಗುತ್ತದೆ, ಫಲಿತಾಂಶಕ್ಕೆ ಕಾಯಬೇಕು. ಅದು ಬರುವವರೆಗೆ ಕುದುರೆ ಅವರ ಲಾಯದಲ್ಲೇ ಇರಲಿ, ಮೇವಿನ ಖರ್ಚನ್ನು ಬೇಕಾದರೆ ನೀವು ಕೊಡಿ.